ರೆಫರಿ ಇಲ್ಲದ ಆಟಕ್ಕೆ ಕಂಡಕ್ಟರ್ ಹೋದದ್ದು

ಜರ್ಮನಿಗೆ ಹೋಗಿ ಬಂದೆ ಎಂದರೆ ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಕೇಳುವುದು ಮೂರೇ ಪ್ರಶ್ನೆ. ಚಳಿ ಹೇಗಿತ್ತು? ಊಟಕ್ಕೆ ಏನು ಮಾಡಿಕೊಂಡಿರಿ? ಕಪ್ ಗೆದ್ದಿರಾ? ಚಳಿ ಎಷ್ಟಿತ್ತೆಂದರೆ ಸೀರೆಯ ಒಳಗೆ ಅಳಿಯನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಓಡಾಡಿದೆ, ನಾಚಿಕೆಯೇನೂ ಆಗಲಿಲ್ಲ. ಊಟಕ್ಕೆ ಬ್ರೆಡ್ಡು, ಆಲೂಗಡ್ಡೆ, ನಾನೇ ಕಟ್ಟಿಕೊಂಡು ಹೋಗಿದ್ದ ಚಟ್ನಿಪುಡಿ. ಮೂರನೆಯ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ಅರ್ಧಕ್ಕೇ ಜನ ಎದ್ದು ಹೋಗುತ್ತಾರೆ, ಯಾಕೆಂದರೆ ಅಲ್ಲಿ ಕಪ್ಪೇ ಇರಲಿಲ್ಲ. ಹಾಗಾಗಿ ಬರೆದೇ ಬಿಡುತ್ತೇನೆ. ಓದುವವರು ನಡುವೆ ಎದ್ದು ಹೋದರೂ ನನಗೆ ಕಾಣುವುದಿಲ್ಲವಲ್ಲ.

ಹೇರೋಹಳ್ಳಿಯ ಶೆಡ್ಡು

ನಾನು ಇಪ್ಪತ್ತಾರು ವರ್ಷ ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಹೆಚ್ಚಿನ ಕಾಲ ಕೆಂಗೇರಿ ರೂಟು. ಯಾರ ಸೀಟು, ಯಾರು ಮೊದಲು ಹತ್ತಿದ್ದು, ಯಾರು ಯಾರ ಕಾಲು ತುಳಿದದ್ದು ಎಂಬ ಸಾವಿರಾರು ವ್ಯಾಜ್ಯಗಳನ್ನು ನಿಂತ ಕಾಲಲ್ಲೇ ತೀರ್ಮಾನ ಮಾಡಿದ್ದೇನೆ. ಕಳೆದ ವರ್ಷ ನಿವೃತ್ತಿಯಾಯಿತು. ಆಮೇಲೆ ತೀರ್ಮಾನ ಹೇಳಿಸಿಕೊಳ್ಳಲು ಮನೆಯವರು ಬಿಟ್ಟರೆ ಬೇರೆ ಯಾರೂ ಉಳಿಯಲಿಲ್ಲ.

ಮನೆಯಲ್ಲಿ ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು ಚಿನ್ಮಯಿ. ಮಾತು ಕಡಿಮೆ. ಕಾಲು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಹೇರೋಹಳ್ಳಿಯಲ್ಲಿ ಹಿಂದೆ ಗ್ರಾನೈಟ್ ಕೊಯ್ಯುತ್ತಿದ್ದ ತಗಡಿನ ಶೆಡ್ಡೊಂದಕ್ಕೆ ಈಗ ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ ಫುಟ್‌ಬಾಲ್ ಕಲಿಸುತ್ತಾರೆ. ಅಲ್ಲಿಗೆ ಅವಳನ್ನು ಸ್ಕೂಟರ್‌ನಲ್ಲಿ ಕರೆದುಕೊಂಡು ಹೋಗುವುದು ನನ್ನ ಕೆಲಸ. ಆ ರಸ್ತೆಯ ಹೊಂಡಗಳನ್ನು ದಾಟುವಷ್ಟರಲ್ಲಿ ಅರ್ಧ ವ್ಯಾಯಾಮ ಮುಗಿದಿರುತ್ತದೆ.

ಅವಳಿಗೆ ಒಂದು ಅಭ್ಯಾಸ. ಚೆಂಡು ತನ್ನ ಕಾಲಿಗೆ ತಾಗಿ ಗೆರೆ ದಾಟಿದರೆ, ಯಾರೂ ಕೇಳದಿದ್ದರೂ ಕೈಯೆತ್ತಿ "ನನಗೆ ತಾಗ್ತು" ಎಂದು ಹೇಳಿಬಿಡುತ್ತಾಳೆ. ರೆಫರಿ ನಮ್ಮ ಕಡೆಗೆ ಕೈ ತೋರಿಸಿದ್ದರೂ ಸರಿಯೇ. ಬಸವೇಶ್ವರನಗರದ ಒಂದು ಪಂದ್ಯದಲ್ಲಿ ಹೀಗೆ ಹೇಳಿ, ಅದರಿಂದಲೇ ಗೋಲು ಬಿದ್ದು, ತಂಡದವರು ಇಡೀ ವಾರ ಅವಳ ಜೊತೆ ಮಾತು ಬಿಟ್ಟರು. ಕೋಚ್ ಕಿರಣ್ ಒಳ್ಳೆಯ ಹುಡುಗ, ಇಪ್ಪತ್ತೇಳರ ಪ್ರಾಯ, ಆರ್‌ಪಿಸಿ ಲೇಔಟ್‌ನವನು. ಅವನು ಕೂಡ ಅಂದ, "ಚಿನ್ನು, ಸೀಟಿ ಬೀಳೋವರೆಗೂ ಬಾಯಿ ಬಿಡಬೇಡ. ಬಿದ್ಮೇಲೂ ಬಿಡಬೇಡ." ನಾನೂ ಹಾಗೇ ಅಂದೆ, ಅದನ್ನು ಮುಚ್ಚಿಡುವುದಿಲ್ಲ. ಅವಳು ಬಾಯಿ ಮುಚ್ಚಿದಳು. ಮುಚ್ಚಿದ ಮೇಲೆ ಓಟವೂ ನಿಧಾನವಾಯಿತು. ಮೊದಲ ಐದು ಜನರಲ್ಲಿ ಇದ್ದವಳು ಹೊರಗೆ ಕಾಯುವವರ ಬೆಂಚಿಗೆ ಬಂದಳು.

ಕಿರಣ್ ಹಿಂದೊಮ್ಮೆ ತರಬೇತಿಗೆಂದು ಹೋಗಿದ್ದಾಗ ಪರಿಚಯವಾದ ಜರ್ಮನಿಯ ಸಣ್ಣ ಊರಿನ ಕ್ಲಬ್ಬೊಂದು, ಚಳಿಗಾಲದ ತಮ್ಮ ಮಕ್ಕಳ ಒಳಾಂಗಣ ಫುಟ್‌ಬಾಲಿಗೆ ನಮ್ಮ ಎಂಟು ಮಕ್ಕಳನ್ನು ಕರೆಯಿತು. ಹೆಣ್ಣುಮಕ್ಕಳೂ ಇದ್ದದ್ದರಿಂದ ಜೊತೆಗೆ ಒಬ್ಬ ಹೆಂಗಸು ಬೇಕಿತ್ತು. ಬೇರೆ ತಾಯಂದಿರಿಗೆ ರಜೆ ಸಿಗಲಿಲ್ಲ. ನನಗೆ ರಜೆ ಬಿಟ್ಟು ಇನ್ನೇನೂ ಇರಲಿಲ್ಲ. ಮ್ಯಾನೇಜರ್ ಎಂಬ ಪಟ್ಟ ಹೀಗೆ ಬಂತು.

ಹೊರಡುವ ವಾರ ಚಿನ್ಮಯಿ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಹೇಳಿದಳು. "ಜರ್ಮನಿದೊಂದು ಆಡ್ತೀನಿ ಅಜ್ಜಿ. ಆಮೇಲೆ ಫುಟ್‌ಬಾಲ್ ಬಿಟ್ಬಿಡ್ತೀನಿ." ಅಳಲಿಲ್ಲ, ಮುನಿಸೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಚೆಂಡಿನ ಹಿಂದೆ ಓಡುವಾಗ ಆ ಮಗುವಿನ ಮುಖ ಹೇಗೆ ಅರಳುತ್ತದೆ ಎಂದು ನೋಡಿದವಳು ನಾನು. ಅದನ್ನು ಅವಳು ಬಿಡಬಾರದು. ಇಷ್ಟೇ ನನ್ನ ಆಸೆ. ವಿಮಾನ ಹತ್ತಿದ್ದೂ ಆ ಆಸೆಯಿಂದಲೇ.

ಕಂಡಕ್ಟರ್ ಇಲ್ಲದ ಬಸ್ಸು

ಊರಿನ ಹೆಸರು ನನ್ನ ನಾಲಿಗೆಯ ಮೇಲೆ ಕೊನೆಯವರೆಗೂ ಹೊರಳಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ವಿಜಯನಗರದ ನಾಲ್ಕು ಬೀದಿಯಷ್ಟು ದೊಡ್ಡ ಊರು. ನಮ್ಮನ್ನು ಎದುರುಗೊಳ್ಳಲು ಬಂದವಳು ಹಾನ್ನೆ. ನಲವತ್ತರ ಹೆಂಗಸು, ಬೆಳಿಗ್ಗೆ ಬೇಕರಿಯಲ್ಲಿ ಕೆಲಸ, ಸಂಜೆ ಮಕ್ಕಳ ಕೋಚು. ನಾನು, ಚಿನ್ಮಯಿ ಉಳಿದುಕೊಂಡದ್ದು ಅವಳ ಮನೆಯಲ್ಲೇ. ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಕುಂಟುತ್ತಿದ್ದುದರಿಂದ ಜೊತೆಯಾಗಿ ಚೆನ್ನಾಗಿ ನಡೆದವು. ಎಡವಿದಲ್ಲಿ ಕಿರಣ್ ಎತ್ತುತ್ತಿದ್ದ.

ನಿಲ್ದಾಣದಿಂದ ಬಸ್ಸು ಹತ್ತಿದೆವು. ಹತ್ತಿದ ಕೂಡಲೇ ನನ್ನ ಕಣ್ಣು ಕಂಡಕ್ಟರನ್ನು ಹುಡುಕಿತು. ಇರಲಿಲ್ಲ. ಒಂದು ಡಬ್ಬಿ ಇತ್ತು, ಜನ ಅದರಿಂದ ಟಿಕೆಟ್ ತೆಗೆದುಕೊಂಡು ಸುಮ್ಮನೆ ಕೂರುತ್ತಿದ್ದರು. ಹಿಂದಿನ ಬಾಗಿಲಿಂದ ಹತ್ತಿದ ಹುಡುಗಿಯೊಬ್ಬಳು ಡಬ್ಬಿಯ ತನಕ ನಡೆದು ಬಂದು ಟಿಕೆಟ್ ತೆಗೆದುಕೊಂಡಳು, ಮತ್ತೆ ಹಿಂದಕ್ಕೇ ಹೋದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಒಂದು ಮುದುಕಿ ಕೈಗಾಡಿ ತಳ್ಳಿಕೊಂಡು ದೂರದಿಂದ ಬರುತ್ತಿತ್ತು. ಡ್ರೈವರು ಕಾದ. "ಬೇಗ ಬಾರಮ್ಮ" ಎಂದು ಕೂಗಲು ಯಾರೂ ಇಲ್ಲದ್ದರಿಂದ ಮುದುಕಿ ನಿಧಾನವಾಗಿಯೇ ಹತ್ತಿತು.

ನನಗೆ ಮೆಚ್ಚುಗೆಯಾಯಿತು, ಜೊತೆಗೆ ಸ್ವಲ್ಪ ಅವಮಾನವೂ ಆಯಿತು. ಇಪ್ಪತ್ತಾರು ವರ್ಷ ನಾನು ಇಲ್ಲದಿದ್ದರೆ ಬಸ್ಸೇ ಹೋಗುವುದಿಲ್ಲ ಎಂದುಕೊಂಡಿದ್ದೆ. "ಯಾರೂ ಟಿಕೆಟ್ ತಗೊಳ್ಳದೇ ಇದ್ರೆ?" ಎಂದು ಹಾನ್ನೆಯನ್ನು ಕೇಳಿದೆ. ಅಪರೂಪಕ್ಕೊಮ್ಮೆ ತಪಾಸಣೆಯವರು ಹತ್ತುತ್ತಾರೆ ಎಂದಳು. ಸದ್ಯ, ಇವರೂ ಪೂರ್ತಿ ದೇವರುಗಳಲ್ಲ ಎಂದು ನನಗೆ ಸಮಾಧಾನವಾಯಿತು.

ಹಾಲ್‌ನ ಬಾಗಿಲು

ಆಟದ ಹಾಲ್ ನಮ್ಮ ದೊಡ್ಡ ಕಲ್ಯಾಣಮಂಟಪದಷ್ಟಿತ್ತು. ಮರದ ನೆಲ, ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ಬಾಗಿಲಲ್ಲಿ ಆ ಹಾಲ್ ನೋಡಿಕೊಳ್ಳುವ ವೋಲ್ಫ್ ಎಂಬ ಹಿರಿಯರು ನಿಂತಿದ್ದರು. ಮಕ್ಕಳ ಒಂದೊಂದೇ ಬೂಟನ್ನು ತಿರುಗಿಸಿ ಅಡಿಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು, ಉಜ್ಜಿದ ಬೆರಳನ್ನು ಕಿರಣನಿಗೆ ತೋರಿಸಿದರು. ಕಪ್ಪಗಾಗಿತ್ತು. ನಮ್ಮ ಪ್ಲಾಸ್ಟಿಕ್ ಹುಲ್ಲಿನ ಬೂಟುಗಳಿಗೆ ಅಡಿಯಲ್ಲೆಲ್ಲ ಕಪ್ಪು ರಬ್ಬರಿನ ಗುಬುಟುಗಳು. ಅವು ಆ ನೆಲದ ಮೇಲೆ ಗೀರು ಎಳೆಯುತ್ತವೆ, ಒಳಗೆ ಬಿಡುವುದಿಲ್ಲ.

ಏಳು ಸಮುದ್ರ ದಾಟಿ ಬಂದು ಬೂಟಿಗಾಗಿ ಬಾಗಿಲಲ್ಲಿ ನಿಂತೆವಲ್ಲ ಎಂದು ನನಗೆ ರೇಗಿತು. ಒಂದು ಮಾತು ಆಡುವಷ್ಟರಲ್ಲಿ ಆ ಯಜಮಾನರು ಒಂದು ಕಪಾಟು ತೆರೆದರು. ವರ್ಷಗಟ್ಟಲೆಯಿಂದ ಮಕ್ಕಳು ಮರೆತು ಹೋದ ಬೂಟುಗಳು, ತೊಳೆದು, ಜೋಡಿ ಜೋಡಿಯಾಗಿ ದಾರ ಕಟ್ಟಿ, ಅಳತೆಯ ಪ್ರಕಾರ ಇಟ್ಟಿದ್ದರು. ನಮ್ಮ ಮಕ್ಕಳ ಎದುರು ಮಂಡಿಯೂರಿ ಕೂತು ಎಂಟು ಜನಕ್ಕೂ ಹಾಕಿ, ತುದಿ ಒತ್ತಿ ನೋಡಿದರು. ಕೊನೆಗೆ ನನ್ನ ಬೂಟಿನ ಕಡೆ ನೋಡಿ ತಲೆ ಅಲ್ಲಾಡಿಸಿದರು. ನನ್ನ ಅಳತೆಯದು ಕಪಾಟಿನಲ್ಲಿ ಇರಲಿಲ್ಲ. ಎರಡು ದಿನ ಮ್ಯಾನೇಜರ್ ಉಣ್ಣೆಯ ಕಾಲುಚೀಲದಲ್ಲೇ ಕೆಲಸ ಮಾಡಬೇಕಾಯಿತು.

ಒಳಗೆ ಉದ್ದನೆಯ ಮರದ ಬೆಂಚುಗಳನ್ನು ಮಗ್ಗುಲಾಗಿ ಮಲಗಿಸಿ ಇಡೀ ಹಾಲ್ ಅನ್ನು ಮೂರು ಅಂಗಳ ಮಾಡಿದ್ದರು. ಹಾನ್ನೆ ನಿಯಮಗಳ ಹಾಳೆ ಕೊಟ್ಟಳು. ಕಿರಣ್ ಓದಿ ಹೇಳುತ್ತಾ ಹೋದ ಹಾಗೆ ನನ್ನ ಹುಬ್ಬು ಮೇಲೇರುತ್ತಾ ಹೋಯಿತು.

ಒಂದು ತಂಡಕ್ಕೆ ಗೋಲ್‌ಕೀಪರ್ ಸೇರಿ ಐದು ಮಕ್ಕಳು. ಜಾರಿಕೊಂಡು ಬಂದು ಚೆಂಡು ಕೀಳುವಂತಿಲ್ಲ. ಚೆಂಡು ಸೂರಿಗೆ ತಾಗಿದರೆ ಎದುರು ತಂಡಕ್ಕೆ. ಗೆರೆ ದಾಟಿದರೆ ಕೈಯಲ್ಲಿ ಎಸೆಯುವುದಿಲ್ಲ, ಗೆರೆಯ ಮೇಲಿಟ್ಟು ಕಾಲಲ್ಲೇ ಒಳಗೆ ತರಬೇಕು. ಇಲ್ಲಿಯವರೆಗೆ ಸರಿ. ಮೂರು ಗೋಲು ಹಿಂದೆ ಬಿದ್ದ ತಂಡ ಒಬ್ಬ ಆಟಗಾರನನ್ನು ಹೆಚ್ಚಿಗೆ ಇಳಿಸಬಹುದು, ಅಂತರ ಒಂದು ಗೋಲಿಗೆ ಇಳಿದಾಗ ಒಬ್ಬರು ಹೊರಗೆ ಬರಬೇಕು. ಅಪ್ಪ ಅಮ್ಮಂದಿರು ಮೇಲಿನ ಗ್ಯಾಲರಿಯಲ್ಲಿ, ಚಪ್ಪಾಳೆ ತಟ್ಟಬಹುದು, ಸಲಹೆ ಕೊಡುವಂತಿಲ್ಲ. ಎರಡೂ ತಂಡದ ಕೋಚುಗಳು ಒಂದೇ ಕಡೆ, ಅಕ್ಕಪಕ್ಕ ನಿಲ್ಲಬೇಕು. ಅಂಕಪಟ್ಟಿ ಇಲ್ಲ. ಕಪ್ ಇಲ್ಲ.

"ರೆಫರಿ ಎಲ್ಲಿ ನಿಲ್ತಾರೆ?" ಎಂದು ಕೇಳಿದೆ.

ಕಿರಣ್ ಹಾಳೆಯನ್ನು ಎರಡು ಸಲ ನೋಡಿ ಅಂದ, "ಆಂಟಿ, ರೆಫರಿನೇ ಇಲ್ವಂತೆ. ಫೌಲು, ಔಟು ಎಲ್ಲಾ ಮಕ್ಕಳೇ ಮಾತಾಡ್ಕೊಂಡು ತೀರ್ಮಾನ ಮಾಡ್ಬೇಕಂತೆ."

"ನಮ್ ಸಮರ್ಥ ಮಾತಾಡ್ಕೊಂಡು ತೀರ್ಮಾನ ಮಾಡ್ತಾನೇನೋ? ಹೊಡ್ಕೊಂಡು ಮಾಡ್ತಾನೆ ಅಷ್ಟೇ."

ಸಮರ್ಥ ನಮ್ಮ ಕ್ಯಾಪ್ಟನ್. ಒಂಬತ್ತೂವರೆ ವರ್ಷ, ನಾಗರಬಾವಿಯ ತನಕ ಕೇಳಿಸುವಂಥ ಗಂಟಲು. ಒಳ್ಳೆಯ ಮನಸ್ಸಿನ ಹುಡುಗನೇ, ಆದರೆ ಸೋತರೆ ಜ್ವರ ಬರುತ್ತದೆ.

ಶನಿವಾರ, ಮಧ್ಯಾಹ್ನದ ತನಕ

ಮೊದಲ ಎರಡು ಪಂದ್ಯಗಳಲ್ಲಿ ನಾನು ಆಟಕ್ಕಿಂತ ಜಗಳಗಳನ್ನೇ ನೋಡಿದೆ. ಅಲ್ಲಿನ ಮಕ್ಕಳ ಜಗಳ ನೋಡಬೇಕು ನೀವು. ಚೆಂಡು ಗೆರೆ ದಾಟಿತು ಅನ್ನಿ. ಹತ್ತಿರ ಇದ್ದ ಇಬ್ಬರು ನಿಲ್ಲುತ್ತಾರೆ, ಒಬ್ಬ ಏನೋ ಅನ್ನುತ್ತಾನೆ, ಇನ್ನೊಬ್ಬ ತಲೆಯಾಡಿಸುತ್ತಾನೆ, ಮುಗಿಯಿತು. ಒಪ್ಪದಿದ್ದರೆ ಎಲ್ಲರೂ ಬಂದು ಗುಂಪಾಗುತ್ತಾರೆ. ಹತ್ತು ಎಣಿಸುವಷ್ಟರಲ್ಲಿ ಗುಂಪು ಒಡೆಯುತ್ತದೆ. ನಮ್ಮ ಬಸ್ಸಿನಲ್ಲಿ ಒಂದು ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎನ್ನುವುದಕ್ಕೆ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಕೆಂಗೇರಿ ತನಕ ಜಗಳ ನಡೆದದ್ದು ನನಗೆ ನೆನಪಾಯಿತು.

ನಮ್ಮ ಮಕ್ಕಳು ಮಾತ್ರ ಪ್ರತಿ ಸಲ ಚೆಂಡು ಹೊರಗೆ ಹೋದಾಗಲೂ ನಮ್ಮ ಕಡೆ ತಿರುಗುತ್ತಿದ್ದರು. "ಸಾರ್?" "ಸಾರ್, ಯಾರ್ದು?" ಕಿರಣ್ ಪಕ್ಕದಲ್ಲಿ ಎದುರು ತಂಡದ ಕೋಚು ಇದ್ದದ್ದರಿಂದ ಭುಜ ಕುಣಿಸಿ ಸುಮ್ಮನಿದ್ದ. ಆ ಅರೆಗಳಿಗೆಯಲ್ಲಿ ಎದುರಿನವರು ಚೆಂಡು ಇಟ್ಟು ಆಟ ಶುರು ಮಾಡಿಬಿಡುತ್ತಿದ್ದರು. ಒಂದು ಸೋತೆವು, ಒಂದು ಸಮ.

ಪಂದ್ಯಗಳ ನಡುವೆ ಗ್ಯಾಲರಿಯ ಕೆಳಗೆ ತಾಯಂದಿರು, ತಂದೆಯರು ಮನೆಯಿಂದ ಮಾಡಿ ತಂದ ಕೇಕುಗಳ ಮೇಜು. ಸೋತವರು, ಗೆದ್ದವರು ಒಂದೇ ತಟ್ಟೆಗೆ ಕೈ ಹಾಕುತ್ತಿದ್ದರು. ನಮ್ಮೂರಲ್ಲಿ ಪಂದ್ಯ ಮುಗಿದ ಮೇಲೆ ಎರಡು ತಂಡದ ತಂದೆತಾಯಿಗಳು ಎರಡು ಗೇಟಿನಿಂದ ಹೋಗುತ್ತೇವೆ. ಯಾರು ಯಾರ ಮಗುವಿಗೆ ಏನಂದರು ಎಂದು ವಾಟ್ಸಾಪ್‌ನಲ್ಲಿ ಮೂರು ದಿನ ನಡೆಯುತ್ತದೆ, ಅದರಲ್ಲಿ ನನ್ನ ಮೆಸೇಜುಗಳೂ ಇವೆ.

ಶನಿವಾರ, ಮಧ್ಯಾಹ್ನದ ಮೇಲೆ

ಮೂರನೆಯ ಪಂದ್ಯ ಹಾನ್ನೆಯ ತಂಡದ ಜೊತೆ. ಎರಡು ಎರಡು ಸಮ. ಕಿರಣ್ ಚಿನ್ಮಯಿಯನ್ನು ಇಳಿಸಿದ್ದ. ಬೆಂಚಿನ ಮೂಲೆಯಲ್ಲಿ ನಾಲ್ಕೈದು ಕಾಲುಗಳ ನಡುವೆ ಸಿಕ್ಕಿಬಿದ್ದ ಚೆಂಡು ಗೆರೆ ದಾಟಿ ಉರುಳಿತು. ಯೋನಾಸ್ ಎಂಬ ಉದ್ದನೆಯ ಹುಡುಗ ಚೆಂಡನ್ನು ಅಪ್ಪಿಕೊಂಡ. ಸಮರ್ಥ ಅದನ್ನು ಕಿತ್ತುಕೊಳ್ಳಲು ಹೋದ.

"ನಮ್ದು ಕಣೋ! ನಮ್ದು!"

ಯೋನಾಸ್ ಜರ್ಮನ್ ಭಾಷೆಯಲ್ಲಿ ಅದನ್ನೇ ಹೇಳುತ್ತಿದ್ದನೆಂದು ಕಾಣುತ್ತದೆ. ಎಲ್ಲರೂ ಗುಂಪಾದರು. ಹತ್ತು ಎಣಿಸಿದೆ, ಒಡೆಯಲಿಲ್ಲ. ಇಪ್ಪತ್ತು ಎಣಿಸಿದೆ. ಸಮರ್ಥ ಯೋನಾಸ್‌ನ ಅಂಗಿ ಹಿಡಿದ. ನಮ್ಮ ಮಕ್ಕಳು ನಮ್ಮ ಕಡೆ ತಿರುಗಿ "ಸಾರ್! ಅಜ್ಜಿ!" ಎಂದು ಕೂಗಿದರು. ಹಾನ್ನೆಯನ್ನು ನೋಡಿದೆ. ಆ ಪುಣ್ಯಾತ್ಮೆ ಬೇಕೆಂದೇ ನೆಲದ ಮೇಲೆ ಕೂತು, ಅಂಗಳಕ್ಕೆ ಬೆನ್ನು ಮಾಡಿ, ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಚಿನ್ಮಯಿ ಗುಂಪಿನೊಳಗೆ ನುಗ್ಗುತ್ತಿದ್ದಳು, ಒಂದು ಕೈ ಅರ್ಧ ಎತ್ತಿದ್ದಳು.

ಚೆಂಡು ಯೋನಾಸ್‌ನ ಮೊಣಕಾಲಿಗೆ ತಾಗಿ ಹೊರಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡವಳು ಸುಮ್ಮನಿರುವುದು ಹೇಗೆ? ಕೊರಳಲ್ಲಿ ಮನೆಯ ಬೀಗದ ಕೈ ಜೊತೆಗೆ ನನ್ನ ಹಳೆಯ ಸೀಟಿ ಸ್ವೆಟರ್‌ನೊಳಗೆ ಇತ್ತು. ಕೈ ಯಾವಾಗ ಹೋಯಿತೋ, ಸೀಟಿ ಯಾವಾಗ ಬಾಯಿಗೆ ಬಂತೋ ತಿಳಿಯದು. ತುಂಬಿದ ಬಸ್ಸು ನಿಲ್ಲಿಸುವ ಹಾಗೆ ಉದ್ದಕ್ಕೆ ಊದಿಬಿಟ್ಟೆ.

ಬಸ್ಸು ನಿಂತಿತು. ಒಂದಲ್ಲ, ಮೂರು. ಮೂರೂ ಅಂಗಳಗಳಲ್ಲಿ ಆಟ ನಿಂತುಹೋಯಿತು. ಪಕ್ಕದ ಅಂಗಳದ ಮಕ್ಕಳು ಸಾಲಾಗಿ ನಿಂತು ಎದುರಿನವರ ಕೈ ಕುಲುಕತೊಡಗಿದರು. ಗ್ಯಾಲರಿಯಲ್ಲಿ ಚಪ್ಪಾಳೆ ಬಿತ್ತು. ಒಂದಷ್ಟು ಮಕ್ಕಳು ಕೇಕಿನ ಮೇಜಿನ ಕಡೆ ಓಡಿಯೇ ಬಿಟ್ಟರು. ಆಚೆ ಕೊನೆಯ ಅಂಗಳದಲ್ಲಿ ಒಬ್ಬ ಪುಟ್ಟ ಹುಡುಗ, ಗೋಲ್‌ಕೀಪರನ್ನೂ ದಾಟಿ ಖಾಲಿ ಗೋಲಿನ ಮುಂದೆ ಕಾಲೆತ್ತಿದ್ದವನು, ಹಾಗೇ ನಿಂತು ಗೊಳೋ ಎಂದು ಅತ್ತ.

ಕಿರಣ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಅಯ್ಯೋ ಆಂಟಿ, ಏನ್ ಮಾಡ್ಬಿಟ್ರಿ! ಇಲ್ಲಿ ಸೀಟಿ ಊದೋದು ಎರಡೇ ಸಲ. ಮೂರೂ ಕಡೆ ಆಟ ಒಟ್ಟಿಗೆ ಶುರುವಾಗೋಕೆ ಒಂದು, ಒಟ್ಟಿಗೆ ಮುಗಿಯೋಕೆ ಒಂದು."

ಭೂಮಿ ಬಾಯಿ ಬಿಡಲಿಲ್ಲ, ಮರದ ನೆಲವಲ್ಲವೇ. ಕಾಲುಚೀಲದಲ್ಲಿ ನಿಂತಿದ್ದ ಮ್ಯಾನೇಜರನ್ನು ಇಡೀ ಹಾಲ್ ನೋಡುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರವಾಗುತ್ತಿದ್ದೆ. ಹಾನ್ನೆ ಮೂರೂ ಅಂಗಳದ ಮಕ್ಕಳನ್ನು ಕರೆದು ನೆಲದ ಮೇಲೆ ಕೂರಿಸಿ, ಈಗ ಏನು ಮಾಡೋಣ ಎಂದು ಅವರನ್ನೇ ಕೇಳಿದಳು. ಮಕ್ಕಳು ಗುಜುಗುಜು ಮಾತಾಡಿ ತೀರ್ಪು ಕೊಟ್ಟರು: ಆಟ ನಿಂತಲ್ಲಿಂದಲೇ ಮುಂದುವರಿಯಲಿ, ಅಳುತ್ತಿರುವವನಿಗೆ ಅದೇ ಜಾಗದಿಂದ, ಖಾಲಿ ಗೋಲಿಗೆ, ಮತ್ತೆ ಒದೆಯಲು ಬಿಡಬೇಕು. ಇಡೀ ಹಾಲ್ ಉಸಿರು ಬಿಗಿಹಿಡಿದು ನೋಡಿತು. ಅವನು ಕಣ್ಣೊರೆಸಿಕೊಂಡು ಬಂದು ಒದ್ದ. ಚೆಂಡು ಕಂಬದ ಹೊರಗೆ ಹೋಯಿತು. ಎಲ್ಲರಿಗಿಂತ ಮೊದಲು ನಕ್ಕವನು ಅವನೇ.

ನಮ್ಮ ಅಂಗಳದ ಚೆಂಡು ಮಾತ್ರ ಇನ್ನೂ ಯಾರದೆಂದು ತೀರ್ಮಾನವಾಗಿರಲಿಲ್ಲ. ಮಾನ ಹೇಗೂ ಹೋಗಿದೆ, ನ್ಯಾಯವಾದರೂ ಉಳಿಯಲಿ ಎಂದು ಹೇಳಿದೆ, "ಅದು ನಮ್ದೇ. ನಾನ್ ನೋಡಿದೀನಿ."

"ಇಲ್ಲ ಅಜ್ಜಿ." ಚಿನ್ಮಯಿ ಈಗ ಕೈಯನ್ನು ಪೂರ್ತಿ ಎತ್ತಿದಳು. "ಕೊನೇಲಿ ನನ್ ಕಾಲಿಗೆ ತಾಗಿದ್ದು. ಅದನ್ನ ಹೇಳೋಕೇ ಹೋಗ್ತಿದ್ದೆ. ಅಷ್ಟ್ರಲ್ಲಿ ನೀನು ಸೀಟಿ ಊದ್ಬಿಟ್ಟೆ."

ನಾನು ಕಣ್ಣಾರೆ ಕಂಡದ್ದು ಸುಳ್ಳಾಗಿತ್ತು. ಇಪ್ಪತ್ತಡಿ ದೂರದಿಂದ ಕಂಡಿದ್ದೆ, ಅವಳಿಗೆ ತಾಗಿತ್ತು. "ಯಾವಾಗ್ಲೂ ಹಿಂಗೇ ಮಾಡ್ತಾಳೆ ಇವ್ಳು!" ಎಂದು ಸಮರ್ಥ ನೆಲಕ್ಕೆ ಒದ್ದ. ಚೆಂಡು ಅವರಿಗೆ ಹೋಯಿತು, ಅದರಿಂದಲೇ ಗೋಲು ಬಿತ್ತು, ಮೂರು ಎರಡರಲ್ಲಿ ಸೋತೆವು.

ಹಾನ್ನೆಯ ಅಡುಗೆಮನೆ

ಅಲ್ಲಿನವರು ಸಂಜೆಯ ಊಟಕ್ಕೆ ಒಲೆ ಹಚ್ಚುವುದಿಲ್ಲ. ಬ್ರೆಡ್ಡು, ಬೆಣ್ಣೆ, ಚೀಸು, ಸೌತೆಕಾಯಿ ಮೇಜಿನ ಮೇಲಿಟ್ಟರೆ ಊಟವಾಯಿತು. ಪಾತ್ರೆ ತೊಳೆಯುವ ಕಷ್ಟವಿಲ್ಲದ ಈ ಪದ್ಧತಿಗೆ ನಾನು ಒಂದೇ ದಿನದಲ್ಲಿ ಮಾರುಹೋಗಿದ್ದೆ. ಆ ಸಂಜೆ ಮಾತ್ರ ಬ್ರೆಡ್ಡು ತಟ್ಟೆಯಲ್ಲೇ ಉಳಿಯಿತು.

ಚಿನ್ಮಯಿ ಚಟ್ನಿಪುಡಿಯಲ್ಲಿ ಬೆರಳಿಂದ ಗೆರೆ ಎಳೆಯುತ್ತಾ "ನಾಳೆ ನಾನು ಆಡಲ್ಲ" ಎಂದಳು.

"ಸೋತಿದ್ದಕ್ಕೆ ಯಾಕೆ ಪುಟ್ಟಾ ಬೇಜಾರು..."

"ಸೋತಿದ್ದಕ್ಕಲ್ಲ ಅಜ್ಜಿ." ಅವಳು ತಲೆಯೆತ್ತಲಿಲ್ಲ. "ನಾನು ಹೇಳೋಷ್ಟ್ರಲ್ಲಿ ಯಾರಾದ್ರೂ ಹೇಳ್ಬಿಡ್ತಾರೆ. ಇಲ್ಲಿ ನಮ್ಮನ್ನೇ ಹೇಳಿ ಅಂತಾರಲ್ಲ, ಅದು ನಂಗೆ ಎಷ್ಟ್ ಇಷ್ಟ ಆಗಿತ್ತು ಗೊತ್ತಾ? ಇಲ್ಲೂ ನೀನೇ ಹೇಳ್ದೆ."

ಡಾಕ್ಟರು ಹೊಟ್ಟೆನೋವು ಎಲ್ಲಿ ಎಂದು ಅವಳನ್ನು ಕೇಳಿದರೆ ಹೇಳುವವಳು ನಾನು. ಅಂಗಡಿಯವನು ಯಾವ ಬಣ್ಣ ಪಾಪು ಎಂದರೆ ಬಣ್ಣ ಹೇಳುವವಳು ನಾನು. ಟೀಚರು ಹೆಸರು ಕೇಳಿದ ದಿನವೂ ಅವಳ ಹೆಸರು ಹೇಳಿದ್ದು ನಾನೇ. ಪ್ರೀತಿಯಿಂದಲೇ ಹೇಳಿದ್ದೆ. ನನ್ನ ಮೊಮ್ಮಗಳಿಗೆ ಮಾತು ಕಡಿಮೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳೂ ನಾನೇ. ನನಗೆ ನಾಚಿಕೆಯಾಯಿತು. ಅರವತ್ತು ದಾಟಿದ ಮೇಲೆ ಒಂಬತ್ತು ವರ್ಷದವಳ ಎದುರು ಆಗುವ ನಾಚಿಕೆ ಬಲು ಕಷ್ಟದ್ದು.

"ತಪ್ಪಾಯ್ತು ಕಣೇ" ಎಂದೆ. ಅವಳು ತಟ್ಟೆಯನ್ನು ಸಿಂಕಿನಲ್ಲಿಟ್ಟು ಮಲಗಲು ಹೋದಳು. ಹಾನ್ನೆಗೆ ಭಾಷೆ ತಿಳಿಯದಿದ್ದರೂ ಎಲ್ಲಾ ತಿಳಿದಿತ್ತು. ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚಿ ಕಟ್ಟುವುದು ಸುಲಭದ ಕೆಲಸ ಎಂದುಕೊಂಡೆಯಾ ಎಂದು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಕೇಳಿದಳು. ಮೊದಲ ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿರಲು ತುಟಿ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡಿದ್ದಳಂತೆ. ನನಗೆ ಆ ಹೆಂಗಸಿನ ಮೇಲೆ ಗೌರವ ಹೆಚ್ಚಾಯಿತು.

ಭಾನುವಾರ

ಬೆಳಿಗ್ಗೆ ಹಾಲ್‌ನ ಬಾಗಿಲಲ್ಲಿ ಸೀಟಿಯನ್ನು ಕೊರಳಿಂದ ತೆಗೆದು ವೋಲ್ಫ್ ಅವರ ಕೈಗೆ ಕೊಟ್ಟೆ. ಅವರು ನಗಲಿಲ್ಲ. ಪುಟ್ಟ ಚೀಟಿಯ ಮೇಲೆ ಏನೋ ಬರೆದು ಅದಕ್ಕೆ ಅಂಟಿಸಿ, ಬೂಟಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಚಿನ್ಮಯಿ ಬೂಟು ಹಾಕಿಕೊಂಡಳು, ಆದರೆ ಬೆಂಚಿನಲ್ಲೇ ಕೂತಳು. ಕಿರಣ್ ಕರೆದ, ತಲೆಯಾಡಿಸಿದಳು. ಅವನು ನನ್ನ ಕಡೆ ನೋಡಿದ. ಹಿಂದಿನ ದಿನವಾಗಿದ್ದರೆ "ಎದ್ದೇಳೇ" ಎಂದು ಎಬ್ಬಿಸುತ್ತಿದ್ದೆ. ಸೆರಗಿನ ತುದಿ ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತಾ ನಿಂತೆ. ಹೀಗೇ ಒಂದು ಪಂದ್ಯ ಹೋಯಿತು, ಇನ್ನೊಂದು ಹೋಯಿತು. ಉಳಿದದ್ದು ಕೊನೆಯ ಪಂದ್ಯ. ಎದುರಿಗಿದ್ದದ್ದು ಪಕ್ಕದ ಊರಿನ, ಗಾಳಿಯಂತೆ ಓಡುವ ಮಕ್ಕಳು. ಐದು ನಿಮಿಷಕ್ಕೆ ಮೂರು ಗೋಲು ಬಿತ್ತು.

ಎದುರು ತಂಡದ ಒಬ್ಬ ಹುಡುಗಿ ಸಮರ್ಥನ ಹತ್ತಿರ ಬಂದು ನಮ್ಮ ಬೆಂಚಿನ ಕಡೆ ಬೆರಳು ತೋರಿಸಿದಳು. ಮೂರು ಗೋಲು ಹಿಂದೆ ಇದ್ದೀರಿ, ಇನ್ನೊಬ್ಬರನ್ನು ಕರೆದುಕೊಳ್ಳಿ ಎಂಬುದು ಭಾಷೆ ಇಲ್ಲದೆಯೂ ತಿಳಿಯುತ್ತಿತ್ತು. ಸಮರ್ಥನ ಮುಖ ಕೆಂಪಾಯಿತು.

"ಬೇಡ. ನಮಗೇನು ಭಿಕ್ಷೆ ಬೇಕಾಗಿಲ್ಲ. ಐದೇ ಜನ ಆಡ್ತೀವಿ."

ನಿಜ ಹೇಳುತ್ತೇನೆ, ನನ್ನ ಮನಸ್ಸೂ ಅದನ್ನೇ ಅನ್ನುತ್ತಿತ್ತು. ನಮ್ಮ ಕಡೆ ಹಾಗೇ ಅಲ್ಲವೇ, ಸೋತರೂ ಮೀಸೆ ಕೆಳಗಾಗಬಾರದು. ಅಷ್ಟರಲ್ಲಿ ಬೆಂಚಿನಿಂದ ಚಿನ್ಮಯಿ ಎದ್ದು ನಿಂತಳು.

"ಭಿಕ್ಷೆ ಅಲ್ಲ ಕಣೋ, ರೂಲು. ಅವರು ಸೋಲ್ತಾ ಇದ್ರೆ ಅವರೂ ತಗೊಳ್ತಾರೆ. ನೀನೊಬ್ನೇ ಓಡಿ ಓಡಿ ಸುಸ್ತಾಗಿದೀಯ, ಪಾಸ್ ಕೊಡೋಕೆ ಯಾರೂ ಇಲ್ಲ ಅಂತ ಆಗ್ಲಿಂದ ಬೈತಿದೀಯ. ನಾನು ಬಲಗಡೆ ನಿಂತ್ಕೋತೀನಿ. ಬರ್ತಾ ಇದೀನಿ ಅಷ್ಟೇ."

ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಮರ್ಥ ನಮ್ಮ ಕಡೆ ತಿರುಗಿ "ಸಾರ್?" ಎಂದ. ಕಿರಣ್ ನೆಲದ ಮೇಲೆ ಕೂತುಬಿಟ್ಟಿದ್ದ. ಬೂಟಿನ ದಾರ ಬಿಚ್ಚುತ್ತಿದ್ದ.

ಅವಳು ಮಲಗಿಸಿದ್ದ ಬೆಂಚು ದಾಟಿ ಒಳಗೆ ಹೋದಳು, ಬಲಗಡೆ ನಿಂತಳು. ಆ ಓಟ, ಆ ಮುಖ. ಮುಂದಿನದನ್ನು ಫುಟ್‌ಬಾಲ್ ತಿಳಿದವರು ಚೆನ್ನಾಗಿ ವರ್ಣಿಸಿಯಾರು. ನನಗೆ ಕಂಡದ್ದು ಇಷ್ಟು: ಅವಳ ಪಾಸಿನಿಂದ ಸಮರ್ಥ ಒಂದು ಗೋಲು ಹೊಡೆದ. ಆಮೇಲೆ ಅವಳೇ ಒಂದು ಹೊಡೆದಳು. ಮೂರು ಎರಡು. ಸೆರಗು ಬಾಯಲ್ಲೇ ಇತ್ತು, ಆದ್ದರಿಂದ ನಾನು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ.

ಆದರೆ ಅಂತರ ಒಂದಕ್ಕೆ ಇಳಿಯಿತಲ್ಲ, ಒಬ್ಬರು ಹೊರಗೆ ಬರಬೇಕು. ಆರು ಮಕ್ಕಳೂ ಮುಖ ಮುಖ ನೋಡಿಕೊಂಡರು. ಆಮೇಲೆ ಐವರು ಚಿನ್ಮಯಿಯನ್ನು ನೋಡಿದರು. ಕೊನೆಗೆ ಬಂದವಳು ಅವಳೇ, ಹೋಗಬೇಕಾದವಳೂ ಅವಳೇ ಎಂದು ಎಲ್ಲರಿಗೂ ಅನಿಸಿದ್ದು ಸಹಜ. ನನಗೂ ಹಾಗೇ ಅನಿಸಿತು. ಅವಳು ಈಗ ತಲೆ ತಗ್ಗಿಸಿ ಬರುತ್ತಾಳೆ ಎಂದು ಕಾದೆ, ಅಪ್ಪಿಕೊಳ್ಳಲು ಕೈಯನ್ನೂ ಚಾಚಿದ್ದೆ.

"ನಾನ್ ಹೋಗಲ್ಲ" ಎಂದಳು ಚಿನ್ಮಯಿ. "ಸಮರ್ಥ, ಬೆಳಗ್ಗೆಯಿಂದ ನೀನು ಒಂದ್ಸಲಾನೂ ಕೂತಿಲ್ಲ. ನೀನ್ ಹೋಗು."

ಹಾಲ್‌ನ ಗದ್ದಲದಲ್ಲೂ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಸಮರ್ಥ ಬಾಯಿ ತೆರೆದ. ಬೆವರು ಒರೆಸಿಕೊಂಡ. ಗೋಲ್‌ಕೀಪರ್ ಹುಡುಗಿ "ಹೌದು ಕಣೋ, ಕರೆಕ್ಟೇ" ಎಂದಳು. ಅವನು ಇನ್ನೊಮ್ಮೆ ನಮ್ಮ ಕಡೆ ನೋಡಲಿಲ್ಲ. ಹೋಗುವಾಗ "ಬಲಗಡೆ ಬಿಟ್ಟು ಬರಬೇಡ" ಎಂದು ಅವಳಿಗೆ ಹೇಳಿ, ಬೆಂಚು ದಾಟಿ ಹೊರಗೆ ಬಂದು ಕೂತು, ನೀರು ಕುಡಿದು, ಉಳಿದ ಎರಡು ನಿಮಿಷ ಅವಳ ಹೆಸರನ್ನೇ ಕೂಗಿದ.

ಮೂರು ಎರಡರಲ್ಲೇ ಸೋತೆವು. ಮುಕ್ತಾಯದ ಸೀಟಿಯನ್ನು ವೋಲ್ಫ್ ಅವರು ಊದಿದರು. ಎಲ್ಲಾ ಮಕ್ಕಳಿಗೂ ಒಂದೇ ತರಹದ ಪದಕ ಹಾಕಿದರು. ಎದುರು ತಂಡದ ಆ ಹುಡುಗಿ ಕೇಕಿನ ತಟ್ಟೆ ಹಿಡಿದುಕೊಂಡು ಬಂದು ಚಿನ್ಮಯಿಯ ಪಕ್ಕದಲ್ಲೇ 'ಧಪ್' ಎಂದು ಕೂತಳು. ಇಬ್ಬರಿಗೂ ಗೊತ್ತಿದ್ದ ಒಂದು ಪದವೂ ಇರಲಿಲ್ಲ, ಆದರೂ ಮಾತು ನಡೆಯುತ್ತಿತ್ತು.

ಸಾಮಾನು ಕಟ್ಟಿಕೊಂಡು ನಾನು, ಕಿರಣ್ ಬಾಗಿಲ ಬಳಿ ನಿಂತಿದ್ದಾಗ ಚಿನ್ಮಯಿ ನಮ್ಮ ಹತ್ತಿರ ಬಂದಳು. ಮುಖದ ತುಂಬಾ ಬೆವರು, ಗಲ್ಲದ ಮೇಲೆ ಕೇಕಿನ ಚೂರು.

"ವಾಪಸ್ ಹೋದ್ಮೇಲೆ ಪ್ರಾಕ್ಟೀಸ್ ಯಾವತ್ತಿಂದ ಸಾರ್?"

ಅವಳ ವಿಷಯಕ್ಕೆ ಸಂಬಂಧಿಸಿದ್ದೆಲ್ಲ ನನ್ನ ಮೂಲಕವೇ ಹೋಗಿ ಬರುತ್ತಿದ್ದುದರಿಂದ ಕಿರಣ್ ಅಭ್ಯಾಸಬಲದಿಂದ ನನ್ನ ಮುಖ ನೋಡಿದ. ಬುಧವಾರದಿಂದ, ಬೆಳಿಗ್ಗೆ ಆರೂವರೆಗೆ. ನನಗೆ ಗೊತ್ತಿತ್ತು. ಕಣ್ಣು ತುಂಬಿ ಬಂದಿತ್ತು, ಉತ್ತರ ನಾಲಿಗೆಯ ತುದಿಗೂ ಬಂದಿತ್ತು.

ನಾನು ಸುಮ್ಮನಿದ್ದೆ. ಅವಳು ಕೇಳಿದ್ದು ನನ್ನನ್ನಲ್ಲ.